ಪಿಟೀಲಿನ ಸಂದಿಯಲ್ಲಿ ಸಿಕ್ಕಿದ್ದು

ಫೆಬ್ರವರಿ ೩, ಸೋಮವಾರ

ಈ ಡೈರಿ ಮೊಮ್ಮಗಳು ತಂದದ್ದು. ಅವಳ ಲ್ಯಾಬಿಗೆ ಯಂತ್ರ ಮಾರಿದ ಕಂಪನಿಯವರು ಹಂಚಿದರಂತೆ. ಮನೆಯಷ್ಟು ಬೆಲೆಯ ಯಂತ್ರ ಕೊಂಡರೆ ಪುಕ್ಕಟೆ ಒಂದು ಡೈರಿ, ಅದರ ರಟ್ಟೂ ಆಗಲೇ ಎದ್ದಿದೆ. "ಅಜ್ಜಿ, ಗೊಣಗೋದನ್ನೆಲ್ಲ ಇದರಲ್ಲಿ ಬರಿ, ನನ್ನ ಕಿವಿಗೆ ಸ್ವಲ್ಪ ರಜೆ ಕೊಡು" ಅಂದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಒತ್ತಕ್ಷರ ತಪ್ಪಿದರೆ ಕೇಳೋರು ಯಾರೂ ಇಲ್ಲ. ಇವರು ಇದ್ದಾಗ ನನಗೆ ಡೈರಿ ಬೇಕಿರಲಿಲ್ಲ. ಬೈಯೋಕೆ ಎದುರಿಗೇ ಒಬ್ಬರು ಕೂತಿರುತ್ತಿದ್ದರು. ಯಜಮಾನರು ಹೋದ ಮೇಲೆ ಇದು ಎರಡನೇ ಚಳಿಗಾಲ.

ಇವತ್ತು ಬರೆಯೋಕೆ ಕಾರಣ ಇದೆ. ಪಿಟೀಲು ಬಾಯಿ ಬಿಟ್ಟಿದೆ.

ಇವರು ಕೈಯಾರೆ ಮಾಡಿದ ಮೊದಲನೇ ಪಿಟೀಲು ಅದು, ಮಗಳು ಹುಟ್ಟೋ ಮುಂಚೆ. ಆಮೇಲೆ ಎಷ್ಟೋ ಮಾಡಿದರು, ಎಷ್ಟೋ ರಿಪೇರಿ ಮಾಡಿದರು, ಎಲ್ಲ ಅಂಗಡಿಯಿಂದ ಆಚೆ ಹೋಯಿತು. ಇದನ್ನು ಮಾತ್ರ ಮಹಡಿಯ ಮೇಲಿನ ಮನೆಗೆ ತಂದು ಮುಂದಿನ ಕೋಣೆಯ ಗೋಡೆಗೆ ತೂಗುಹಾಕಿದರು. ಮೊಮ್ಮಗಳು ಕಲಿತದ್ದೂ ಇದರಲ್ಲೇ. ಇವರು ಹೋದ ಮೇಲೆ ಅವಳು ಇದನ್ನು ಮುಟ್ಟಿಲ್ಲ. ನಾನು ಮುಟ್ಟುತ್ತೇನೆ. ದಿನಾ ಬೆಳಿಗ್ಗೆ ಇವರ ಉಣ್ಣೆಯ ಮಫ್ಲರಿನಿಂದ ಒರೆಸುತ್ತೇನೆ. ಹಾಗೆ ಒರೆಸುವಾಗಲೇ ಕೈಗೆ ಸಿಕ್ಕಿತು. ಬೆನ್ನಿನ ಹಲಗೆ ಪಕ್ಕದ ಪಟ್ಟಿಯಿಂದ ಬಿಟ್ಟುಕೊಂಡು, ಉಗುರು ತೂರುವಷ್ಟು ಸಂದು ಆಗಿದೆ.

ಕೆಳಗಿನ ಅಂಗಡಿ ಈಗ ಮೆಲ್ಲಣ್ಣನದು. ಇವರ ಹತ್ತಿರ ಕೆಲಸ ಕಲಿತವನು, ಈಗ ಅವನ ತಲೆಯೇ ಬೆಳ್ಳಗಾಗಿದೆ. ಮೆಲ್ಲಣ್ಣ ಅನ್ನೋದು ನಾನಿಟ್ಟ ಹೆಸರು, ಒಂದು ತಂತಿ ಕಟ್ಟೋಕೆ ಮಧ್ಯಾಹ್ನ ಮಾಡುತ್ತಾನೆ. ಪಿಟೀಲನ್ನು ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, ಕೊನೆಗೆ ಹೇಳಿದ: ಪೂರ್ತಿ ಬಿಚ್ಚಿ ಮತ್ತೆ ಅಂಟಿಸಬೇಕು, ಆದರೆ ಗುರುಗಳು ಯಾವ ಅಂಟು ಹಾಕಿದ್ದರು ಅಂತ ತಿಳಿಯದೆ ಕೈ ಹಚ್ಚೋಕೆ ಭಯ. ಬರೀ ಚರ್ಮದ ಅಂಟಾದರೆ ಬಿಸಿನೀರಿಗೆ ಬಿಡುತ್ತೆ. ಹಾಲಿನ ಅಂಟು ಬೆರೆಸಿದ್ದರೆ ನೀರಿಗೆ ಜಗ್ಗಲ್ಲ, ಬಲವಂತ ಮಾಡಿದರೆ ಮರವೇ ಸೀಳುತ್ತೆ.

ಇವರು ಅಂಟು ಕಾಯಿಸುವಾಗ ಹಿಂದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೆಲ್ಲಣ್ಣನಿಗೆ ಸಿಗುತ್ತಿದ್ದದ್ದು ಸಿದ್ಧವಾದ ಅಂಟಿನ ಡಬ್ಬಿ. ನನಗೆ ಸಿಗುತ್ತಿದ್ದದ್ದು ವಾಸನೆ. ಮೆಟ್ಟಿಲು ಹತ್ತಿ ಮೇಲೆ ಬಂದು ಒಗೆದ ಬಟ್ಟೆಗೂ ಮೆತ್ತಿಕೊಳ್ಳುತ್ತಿತ್ತು. ಕಿಟಕಿ ಧಡಾರನೆ ಮುಚ್ಚುತ್ತಿದ್ದೆ, ಕೆಳಗೆ ಕೇಳಲಿ ಅಂತಲೇ. ಸಂಜೆ ಒಂದು ಲೋಟ ಹಾಲು ಬೇರೆ ತಗೊಂಡು ಒಳಗೆ ಹೋಗುತ್ತಿದ್ದರು. ಊಟಕ್ಕೆ ಕೂತಾಗ ಹಾಲು ಹಾಕಿದರೆ, ನನಗೆ ಆಗಲ್ಲ ಅನ್ನೋ ಮನುಷ್ಯ. ಆ ಹಾಲು ಅಂಟಿಗೇ ಹೋಗುತ್ತಿತ್ತು ಅಂತ ನನಗೆ ಅನುಮಾನವೇ ಇಲ್ಲ. ಮೆಲ್ಲಣ್ಣನಿಗೂ ಹೇಳಿದೆ. ಅವನು ಇನ್ನೂ ಹೆದರಿದ.

ಆ ವಾಸನೆಯಂತೂ ಈಗಿಲ್ಲ. ಮೆಲ್ಲಣ್ಣ ಬಾಟಲಿಯ ಬಿಳಿ ಅಂಟು ಬಳಸುತ್ತಾನೆ. ಮನೆ ಚೊಕ್ಕಟವಾಗಿದೆ.

ಫೆಬ್ರವರಿ ೫, ಬುಧವಾರ

ಮೊಮ್ಮಗಳು ಅಂಟನ್ನು ಯಂತ್ರಕ್ಕೆ ಹಾಕಿ ನೋಡುತ್ತಾಳಂತೆ. ಅವಳ ಕೆಲಸವೇ ಅದು. ಚರ್ಮ, ಹಾಲು, ಮೊಟ್ಟೆ, ಕೂದಲು, ಎಲ್ಲದರಲ್ಲೂ ಪ್ರೋಟೀನ್ ಇರುತ್ತೆ, ಆದರೆ ಒಂದೊಂದರದು ಒಂದೊಂದು ಥರ, ಯಾವುದು ಯಾವುದು ಅಂತ ಗುರುತು ಹಿಡಿಯೋದು. ಯಂತ್ರದ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಹೆಸರಲ್ಲೇ ಅರ್ಧ ಉಸಿರು ಹೋಯಿತು. ತೂಕದ ಯಂತ್ರ ಅನ್ನು ಸಾಕು ಅಂದೆ. ಅದೂ ಸರಿಯೇ ಅಜ್ಜಿ, ಅದು ಮಾಡೋದು ತೂಕವನ್ನೇ ಅಂದಳು.

ಒಂದು ರಸ ಇದೆಯಂತೆ, ಪ್ರೋಟೀನನ್ನು ಗೊತ್ತಾದ ಜಾಗದಲ್ಲೇ ಕಚಕ್ ಕಚಕ್ ಅಂತ ಕತ್ತರಿಸುತ್ತಂತೆ. ಆ ಚೂರುಗಳನ್ನು ಯಂತ್ರ ತೂಗುತ್ತೆ, ಮತ್ತೆ ಒಡೆದು ಮತ್ತೆ ತೂಗುತ್ತೆ. ಇಂಥಿಂಥ ತೂಕದ ಚೂರು ಯಾವ ಪ್ರಾಣಿಯ ಯಾವ ಪ್ರೋಟೀನಿನದು ಅಂತ ಕಂಪ್ಯೂಟರು ತಾಳೆ ನೋಡುತ್ತೆ. ನನಗೆ ಅರ್ಥವಾಯಿತು. ಹಳೇ ಬಟ್ಟೆ ಹರಿದು ಚಿಂದಿ ಮಾಡಿಟ್ಟರೂ, ಒಂದು ಚೂರು ಅಂಚು ನೋಡಿದರೆ ಇದು ಯಾರ ಅಂಗಿ, ಯಾವ ವರ್ಷದ್ದು ಅಂತ ಹೇಳುವವಳು ನಾನು. ಇದರಲ್ಲಿ ಏನು ಮಹಾ. ಅವಳ ಮೇಡಂ ಒಪ್ಪಿದ್ದಾರೆ, ಯಂತ್ರ ಬಿಡುವಿದ್ದಾಗ ಒಂದು ಸಲ ಓಡಿಸಬಹುದಂತೆ.

ಇವರು ಬಾಗಿಲು ಹಾಕಿಕೊಂಡು ಮುಚ್ಚಿಟ್ಟದ್ದನ್ನು ಮೊಮ್ಮಗಳು ಹೊರಗೆಳೆಯುತ್ತಾಳೆ. ನೋಡೋಣ, ಆಗ ಮುಖ ಎಲ್ಲಿಟ್ಟುಕೊಳ್ಳುತ್ತಾರೋ.

ಮುಖ ಇದ್ದಿದ್ದರೆ.

ಫೆಬ್ರವರಿ ೯, ಭಾನುವಾರ

ಮೊಮ್ಮಗಳು ಅಂಟಿನ ಚೂರು ತೆಗೆದಳು. ಕೈಗೆ ಗ್ಲೌಸು, ತಲೆಗೆ ಟೋಪಿ, ಸಣ್ಣ ಚಾಕು, ಕಿರುಬೆರಳಿಗಿಂತ ಚಿಕ್ಕ ಪ್ಲಾಸ್ಟಿಕ್ ಕೊಳವೆ. ಸಂದಿನ ಅಂಚಿನಿಂದ ಕೆರೆದದ್ದು ನನ್ನ ಕಣ್ಣಿಗೆ ಕಾಣಲೇ ಇಲ್ಲ, ಇದೆ ಅಂದಳು, ನಂಬಿದೆ. ನಾಲ್ಕು ಜನ ನೋಡುವ ಜಾಗಕ್ಕೆ ಹೋಗುತ್ತೆ ಅಂತ ನಾನು ಬೆಳಿಗ್ಗೆಯೇ ಪಿಟೀಲನ್ನು ಮಫ್ಲರಿನಿಂದ ತಿಕ್ಕಿ ತಿಕ್ಕಿ ಒರೆಸಿ, ಅದನ್ನೇ ಸುತ್ತಿ ಇಟ್ಟಿದ್ದೆ. ಸಂದಿನೊಳಕ್ಕೂ ಮಫ್ಲರಿನ ತುದಿ ತೂರಿಸಿ ಧೂಳು ತೆಗೆದಿದ್ದೆ. ಫೋಟೋ ತೆಗೆಸುವ ಮುಂಚೆ ಮಗುವಿನ ಮೂಗು ಒರೆಸಲ್ಲವೇ, ಹಾಗೆ.

ಫೆಬ್ರವರಿ ೧೪, ಶುಕ್ರವಾರ

ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಹೇಳಿದಳು, "ಕುರಿ ಸಿಕ್ಕಿದೆ ಅಜ್ಜಿ."

ಕುರಿಯ ಅಂಟೇ ಅಂತ ಕೇಳಿದೆ. ಅಲ್ಲ, ಕುರಿಯ ಉಣ್ಣೆ, ಮಫ್ಲರಿನದು. ಅದರ ಜೊತೆ ಮನುಷ್ಯರ ಚರ್ಮ. ಉಗುರು, ಕೂದಲು, ಚರ್ಮದ ಹೊಟ್ಟು, ಎಲ್ಲದರಲ್ಲೂ ಇರುವ ಕೆರಾಟಿನ್ ಅಂತ ಒಂದಿದೆಯಂತೆ. ಅದು ಅಷ್ಟು ಬಂದು ಕೂತಿದೆ ಅಂದರೆ ಅಂಟಿನ ಪ್ರೋಟೀನ್ ಅದರಡಿಯಲ್ಲಿ ಮುಳುಗಿಹೋಗಿದೆ. ಗದ್ದಲದ ಮನೆಯಲ್ಲಿ ಮೆಲ್ಲಗೆ ಮಾತಾಡೋ ಒಬ್ಬರ ದನಿ ಕೇಳದ ಹಾಗೆ. ಲ್ಯಾಬಿನ ಹುಡುಗರು ಅವಳನ್ನು ಕುರಿ ಕುರಿ ಅಂತ ಕರೆಯುತ್ತಿದ್ದಾರಂತೆ. ಮೇಡಂ ನಗಲಿಲ್ಲ. ಇನ್ನೊಂದೇ ಒಂದು ಸಲ, ಅದೂ ಎರಡು ವಾರ ಬಿಟ್ಟು ಅಂದರಂತೆ.

ನಾನು ಅಷ್ಟು ಕೊಳಕಲ್ಲ, ದಿನಾ ಸ್ನಾನ ಮಾಡುತ್ತೇನೆ ಅಂದೆ. ನಕ್ಕಳು. ಎಲ್ಲರೂ ಉದುರುತ್ತಾ ಇರುತ್ತಾರಂತೆ, ಹಗಲೂ ರಾತ್ರಿ. ಕೂತಲ್ಲಿ, ನಿಂತಲ್ಲಿ, ಮಾತಾಡಿದಲ್ಲಿ ಸ್ವಲ್ಪ ಸ್ವಲ್ಪ ಬಿಟ್ಟು ಹೋಗುತ್ತಾರಂತೆ.

ಇನ್ನು ಮೇಲೆ ಪಿಟೀಲು ಮುಟ್ಟಕೂಡದು ಅಂತ ನನಗೆ ಅಪ್ಪಣೆ ಆಗಿದೆ.

ಫೆಬ್ರವರಿ ೧೭, ಸೋಮವಾರ

ಮುಟ್ಟಲಿಲ್ಲ. ಗೋಡೆ ಒರೆಸಿದೆ.

ಫೆಬ್ರವರಿ ೨೦, ಗುರುವಾರ

ಕಿಟಕಿಯ ಬೆಳಕಿಗೆ ಪಿಟೀಲಿನ ಮೇಲೆ ಧೂಳು ಕಾಣುತ್ತಿದೆ. ಕೈ ಎಲ್ಲಿಡಬೇಕು ಅಂತ ತಿಳಿಯುತ್ತಿಲ್ಲ. ಬೆಳಗಿನ ಆ ಹೊತ್ತು ಹೇಗೆ ಹೋಗುತ್ತಿತ್ತು ಅಂತಲೇ ಗೊತ್ತಾಗುತ್ತಿರಲಿಲ್ಲ. ಈಗ ಕುರ್ಚಿ ಎಳೆದುಕೊಂಡು ಅದರ ಎದುರು ಕೂರುತ್ತೇನೆ, ಆಸ್ಪತ್ರೆಯಲ್ಲಿ ಒಳಗೆ ಬಿಡದೆ ಹೊರಗೆ ಕೂರಿಸಿದ ಹಾಗೆ.

ಇವರ ಮುಖ ನೆನಪಿದೆ. ಕೆಮ್ಮು ನೆನಪಿದೆ. ಮೆಟ್ಟಿಲು ಹತ್ತುವಾಗ ಎಡಗಾಲಿನ ಚಪ್ಪಲಿ ಮಾತ್ರ ಸದ್ದು ಮಾಡುತ್ತಿದ್ದದ್ದು ನೆನಪಿದೆ. ವಾಸನೆ ಮಾತ್ರ ಎಷ್ಟು ನೆನೆಸಿಕೊಂಡರೂ ಬರುತ್ತಿಲ್ಲ. ಮಫ್ಲರು ಮೂಸಿ ನೋಡಿದೆ. ಸೋಪಿನ ವಾಸನೆ. ಎಷ್ಟು ಸಲ ಒಗೆದಿದ್ದೇನೋ.

ಫೆಬ್ರವರಿ ೨೬, ಬುಧವಾರ

ಎರಡನೇ ಸಲದ ಚೂರನ್ನು ಮೊನ್ನೆ ಅಂಗಡಿಯ ಮೇಜಿನ ಮೇಲೆ ತೆಗೆದರು. ಮೆಲ್ಲಣ್ಣ ತೆಳು ಅಲಗು ತೂರಿಸಿ ಸಂದನ್ನು ಒಂದು ಎಳೆಯಷ್ಟು ಅಗಲಿಸಿದ, ಇವಳು ಒಳಗಿನ ಮೂಲೆಯಿಂದ ಒಂದು ಹಕ್ಕಳೆ ತೆಗೆದಳು. ಉಗುರಿನ ಚೂರಿನ ಹಾಗಿತ್ತು, ಜೇನಿನ ಬಣ್ಣ. ಈ ಸಲ ಕಂಡಿತು. ನನ್ನನ್ನು ಬೀದಿಯ ಆ ಬದಿಗೆ ನಿಲ್ಲಿಸಿದ್ದರು.

ಇವತ್ತು ಹಟ ಮಾಡಿ ಲ್ಯಾಬಿಗೆ ಹೋದೆ. ಒಳಗೆ ಬಿಡಲ್ಲ, ಗಾಜಿನ ಈಚೆಯಿಂದ ನೋಡು ಅಂದಳು. ಬೀರುವಿನಷ್ಟು ದೊಡ್ಡ ಬಿಳಿ ಪೆಟ್ಟಿಗೆ, ಅದಕ್ಕೆ ಕೂದಲಿನಷ್ಟು ಸಣ್ಣ ಕೊಳವೆ, ಕೆಳಗೆ ಪಂಪು. ಒಂದೇ ಸಮ ಗುಂಯ್ ಅನ್ನುತ್ತಿತ್ತು. ಇವರೂ ಹಾಗೆಯೇ, ಕೆಲಸಕ್ಕೆ ಕೂತರೆ ರಾಗವಲ್ಲ, ಹಾಡಲ್ಲ, ಬರೀ ಗುಂಯ್. ಇದೇನು ಇಷ್ಟು ಹೊತ್ತು ಗೊಣಗುತ್ತೆ ಅಂತ ಕೇಳಿದೆ. ಒಳಗೆ ಗಾಳಿಯೇ ಇರಬಾರದು ಅಜ್ಜಿ, ಹೊರಗೆ ಎಳೆದು ಹಾಕ್ತಾ ಇರುತ್ತೆ ಅಂದಳು. ಗಾಜಿಗೆ ಹಣೆ ಹಚ್ಚಿ ನಿಂತೆ. ಹೊರಡುವಾಗ ಗಾಜಿನ ಮೇಲೆ ನನ್ನ ಹಣೆಯ ಗುರುತು ಇತ್ತು. ಮೊಮ್ಮಗಳು ತೋಳಿನಿಂದ ಒರೆಸಿದಳು.

ಮಾರ್ಚ್ ೩, ಸೋಮವಾರ

ಬಂತು.

ದನದ ಚರ್ಮದ ಅಂಟು. ಅಷ್ಟೇ. ಎಲ್ಲ ಅಂಗಡಿಯಲ್ಲೂ ಹಾಳೆ ಹಾಳೆಯಾಗಿ ಸಿಗುವಂಥದ್ದು. ಮೊಟ್ಟೆ ಇಲ್ಲ, ಮೀನಿಲ್ಲ, ಹಾಲಿಲ್ಲ. ಬಿಸಿನೀರಿಗೆ ಬಿಡುತ್ತೆ.

ನನಗೆ ಕೋಪವೇ ಬಂತು. ಇದಕ್ಕೆ ಅಷ್ಟು ವರ್ಷ ಬಾಗಿಲು ಹಾಕಿಕೊಳ್ಳಬೇಕಿತ್ತೇ? ಹಾಗಾದರೆ ಆ ಹಾಲು ಎಲ್ಲಿಗೆ ಹೋಯಿತು ಅಂದೆ.

"ಕುಡೀತಿದ್ರು ಅಜ್ಜಿ," ಅಂದಳು ಮೊಮ್ಮಗಳು. ಅವಳಿಗೆ ಗೊತ್ತಿತ್ತಂತೆ. ಚಿಕ್ಕವಳಿದ್ದಾಗ ಅವಳಿಗೂ ಎರಡು ಗುಟುಕು ಸಿಗುತ್ತಿತ್ತಂತೆ. ಮೇಲೆ ಕುಡಿದರೆ ನಾನು ಕೆನೆ ಹಾಕುತ್ತೇನೆ, ಇವರಿಗೆ ಕೆನೆ ಕಂಡರೆ ಆಗದು, ಹೇಳಿದರೆ ನಾನು ಭಾಷಣ ಮಾಡುತ್ತೇನೆ. ಅದಕ್ಕೆ ಬಾಗಿಲು. ಒಂದು ಲೋಟ ಹಾಲನ್ನು ನೆಮ್ಮದಿಯಾಗಿ ಕುಡಿಯೋಕೆ ಮನುಷ್ಯ ಬಾಗಿಲು ಹಾಕಿಕೊಂಡಿದ್ದಾನೆ. ನಕ್ಕು ನಕ್ಕು ನನಗೆ ಕೆಮ್ಮು ಬಂತು.

ಆಮೇಲೆ, ಯಂತ್ರ ಇಷ್ಟು ಹೊತ್ತು ಓಡಿ ಒಂದೇ ಮಾತು ಹೇಳಿತೇ ಅಂತ ಕೇಳಿದೆ. ಬೇರೆಯದೂ ಇದೆ, ಅದು ಕಸ ಅಂದಳು. ಎಲ್ಲ ಸಲವೂ ಬಂದು ಸೇರೋ ಕಸ ಇರುತ್ತೆ, ಉಣ್ಣೆ, ಚರ್ಮ, ಕತ್ತರಿಸೋ ರಸ, ಅದನ್ನು ಲೆಕ್ಕಕ್ಕೆ ಹಿಡಿಯದೆ ಪಕ್ಕಕ್ಕೆ ಇಡುತ್ತಾರಂತೆ. ನನಗೆ ಆ ಕಸ ತೋರಿಸು ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಕಸ ಗುಡಿಸೋಳಿಗೆ ಕಸದ ಮೇಲೇ ಕಣ್ಣು ಇರಬೇಕು.

ಅವಳು ಲ್ಯಾಪ್‌ಟಾಪ್ ತೆಗೆದು ಬೆರಳಿನಿಂದ ಇಳಿಸುತ್ತ ಹೋದಳು. ಮನುಷ್ಯರ ಚರ್ಮ, ಚರ್ಮ, ಮತ್ತೆ ಚರ್ಮ. ಒಂದು ಕಡೆ ನಿಂತಳು. ಅಮೈಲೇಸ್ ಅಂದಳು. ಹಾಗಂದರೆ? ಎಂಜಲು ಅಜ್ಜಿ, ಬಾಯಿಯ ಎಂಜಲಿನಲ್ಲಿ ಇರೋದು.

ಯಾರದು? ಅವಳೇ ಮೆಲ್ಲಗೆ ಲೆಕ್ಕ ಹಾಕತೊಡಗಿದಳು. ಏನೂ ಹಾಕದ ಖಾಲಿ ಕೊಳವೆಯನ್ನೂ ಜೊತೆಗೆ ಓಡಿಸಿದ್ದರಂತೆ. ಅದರಲ್ಲಿ ಚರ್ಮದ ಹೊಟ್ಟು ಬಂದಿದೆ, ಎಂಜಲು ಬಂದಿಲ್ಲ. ಅಂದರೆ ಲ್ಯಾಬಿನವರದ್ದಲ್ಲ. ನನ್ನ ಮಫ್ಲರು ಅಷ್ಟು ಒಳಗೆ ಹೋಗಿಲ್ಲ. ಮೆಲ್ಲಣ್ಣ ಅಂಗಡಿಗೆ ಸೇರುವ ಮುಂಚೆಯೇ ಆ ಪಿಟೀಲು ಆಗಿತ್ತು.

ಇವರಿಗೆ ಒಂದು ಕೆಟ್ಟ ಚಾಳಿ ಇತ್ತು. ಅಂಟಿಗೆ ಅದ್ದುವ ಮುಂಚೆ ಬ್ರಷ್ಷನ್ನು ತುಟಿಯ ನಡುವೆ ಎಳೆದು ಚೂಪು ಮಾಡೋರು. ಎಂಜಲು ಬ್ರಷ್ಷು, ಅದೂ ಚರ್ಮದ ಅಂಟು, ಥೂ ಅಂತ ನಾನು ಉಗಿದದ್ದಕ್ಕೆ ಲೆಕ್ಕವಿಲ್ಲ.

"ತಾತಂದೇ ಅಂತ ಯಂತ್ರ ಹೇಳಲ್ಲ ಅಜ್ಜಿ," ಅಂದಳು. "ಎಲ್ಲರ ಎಂಜಲೂ ಅದಕ್ಕೆ ಒಂದೇ. ಅಂಟಿನ ಜೊತೆ ಒಳಗಿತ್ತು ಅಂತ ಮಾತ್ರ ಹೇಳುತ್ತೆ. ಮಿಕ್ಕಿದ್ದು ನಾವೇ ಹೇಳ್ಕೋಬೇಕು."

ಹೇಳಿಕೊಂಡೆ.

ಮಾರ್ಚ್ ೭, ಶುಕ್ರವಾರ

ಮೆಲ್ಲಣ್ಣ ಖುಷಿಯಾಗಿದ್ದ. ಚರ್ಮದ ಅಂಟಿನ ಹಾಳೆ ತರಿಸಿ ನೆನೆಹಾಕಿಯೂ ಆಗಿತ್ತು. ಬಿಸಿನೀರು ತಾಗಿಸಿ ಬಿಚ್ಚುತ್ತೀನಿ, ಹಳೇ ಅಂಟನ್ನೆಲ್ಲ ತೊಳೆದು ಮರ ಕಾಣೋ ಹಾಗೆ ಮಾಡಿ ಹೊಸದು ಹಾಕುತ್ತೀನಿ ಅಂದ.

ತೊಳೆದದ್ದು ಎಲ್ಲಿಗೆ ಹೋಗುತ್ತಪ್ಪ ಅಂದೆ. ಬಟ್ಟೆಗೆ, ಆಮೇಲೆ ಮೋರಿಗೆ. ಅವನಿಗೇನು ಗೊತ್ತು.

ಹಳೇದನ್ನು ಹಾಗೇ ಬಿಟ್ಟು ಮೇಲೆ ಹಚ್ಚು ಅಂದೆ. ತಲೆ ಅಲ್ಲಾಡಿಸಿದ. "ಹಾಗೆ ಮಾಡಿದರೆ ನಿಲ್ಲಲ್ಲಮ್ಮ. ಗೋಡೆಗೆ ತೂಗುಹಾಕೋಕಾದರೆ ಸರಿ. ತಂತಿ ಬಿಗಿದು ನುಡಿಸಿದರೆ ಮತ್ತೆ ಬಾಯಿ ಬಿಡುತ್ತೆ."

ಗೋಡೆಗೆ ತಾನೇ ತೂಗುಹಾಕಿರೋದು ಅಂದೆ. ಪಿಟೀಲು ಎತ್ತಿಕೊಂಡು ಮೇಲೆ ಬಂದೆ.

ಸಂಜೆ ಮೊಮ್ಮಗಳ ಜೊತೆ ಜಗಳ. ತಾತ ಅದರೊಳಗೆ ಇಲ್ಲ ಅಂದಳು. ಇದ್ದಾರೆ ಅಂತ ತೋರಿಸಿದವಳು ನೀನೇ ಅಂದೆ. ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಬಂದು ಸಮಾಧಾನ ಮಾಡೋಳ ಥರ, ಹಕ್ಕಳೆಯಲ್ಲಿ ಅರ್ಧ ಉಳಿದಿದೆ, ಲ್ಯಾಬಿನ ಫ್ರೀಜರಿನಲ್ಲಿ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಇಟ್ಟಿದ್ದೀನಿ, ಕೆಡಲ್ಲ ಅಂದಳು.

ಬೇಸಿಗೆಯಲ್ಲೂ ಕಾಲುಚೀಲ ಹಾಕಿಕೊಂಡು ಮಲಗೋ ಮನುಷ್ಯ ಅವರು. ಇವಳು ತಗೊಂಡು ಹೋಗಿ ಅಲ್ಲಿಟ್ಟಿದ್ದಾಳೆ. ನನಗೆ ನಗು ಬರಬೇಕಿತ್ತು.

ಮಾರ್ಚ್ ೧೧, ಮಂಗಳವಾರ

ಪಿಟೀಲು ಗೋಡೆಯ ಮೇಲಿದೆ. ಒರೆಸಬಹುದು ಈಗ, ಯಾರೂ ತಡೆದಿಲ್ಲ. ಒರೆಸಿದೆ. ಸಂದಿಗೆ ಮೂಗು ಹಚ್ಚಿ ನೋಡಿದೆ. ಮರದ ವಾಸನೆ ಅಷ್ಟೇ.

ಮಾರ್ಚ್ ೧೩, ಗುರುವಾರ

ಮೊಮ್ಮಗಳು ಬೇಗ ಬಂದಿದ್ದಳು. ಅಡುಗೆಮನೆಯ ಮೇಜಿಗೆ ಕೂತು ಫೋನಿನಲ್ಲಿ ಯಾರ ಮಾತನ್ನೋ ಕೇಳುತ್ತಿದ್ದಳು. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಅವಳ ಎಡಗೈ ಮೇಜಿನ ಅಂಚನ್ನು ಹಿಡಿದಿತ್ತು, ಬೆರಳು ಒಂದೊಂದೇ ಒತ್ತುತ್ತಿತ್ತು. ಮೊದಲ ಬೆರಳು, ಮೂರನೇದು, ಮತ್ತೆ ಮೊದಲನೇದು, ಜಾರಿಸಿ ಮೇಲಕ್ಕೆ. ಇವರು ಕಲಿಸಿದ ಮೊದಲ ಪಾಠ. ದಿನಾ ಕೇಳಿ ಕೇಳಿ ನನಗೇ ಬಾಯಿಪಾಠ ಆಗಿತ್ತು. ಜಾರಿಸುವಲ್ಲಿ ಅವಳು ತಪ್ಪುತ್ತಿದ್ದಳು, ಇವರು ಕೆಳಗಿಂದಲೇ ಕೂಗುತ್ತಿದ್ದರು.

ಫೋನು ಇಟ್ಟ ಮೇಲೆ, ಬೆರಳು ಏನು ಮಾಡುತ್ತಿತ್ತು ಅಂತ ಕೇಳಿದೆ. ಏನೂ ಇಲ್ಲವಲ್ಲ ಅಂದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಎಷ್ಟು ದಿನದಿಂದ ಮೇಜಿನ ಮೇಲೆ ನುಡಿಸುತ್ತಿದ್ದಾಳೋ.

ಮಾರ್ಚ್ ೧೬, ಭಾನುವಾರ

ಪಿಟೀಲು ಕೆಳಗೆ ತಗೊಂಡು ಹೋದೆ. ಅಂಗಡಿಗೆ ರಜೆ, ಆದರೂ ಮೆಲ್ಲಣ್ಣ ಬಂದಿದ್ದ, ಮೊಮ್ಮಗಳೇ ಕರೆದಿರಬೇಕು. ಅವನು ಬಿಸಿನೀರಿಗೆ ಅಲಗು ಅದ್ದಿ ಸಂದಿಗೆ ತೂರಿಸಿ ಕಾಯುವುದು, ಮತ್ತೆ ಅದ್ದುವುದು. ಈ ಕೆಲಸಕ್ಕೆ ಅವನ ನಿಧಾನವೇ ಬೇಕಿತ್ತು. ಅಂಟು ಬೆಚ್ಚಗಾಗಿ ಬಿಡುತ್ತಿದ್ದ ಹಾಗೆ ವಾಸನೆ ಎದ್ದಿತು.

ಅದೇ ವಾಸನೆ. ಬಾಗಿ ಮೂಸಿದೆ.

ಬೆನ್ನಿನ ಹಲಗೆ ಪೂರ್ತಿ ಕೈಗೆ ಬಂತು. ಒಳಗೆ ಏನಾದರೂ ಬರೆದಿರಬಹುದೇನೋ ಅಂತ ಮೊಮ್ಮಗಳು ಇಣುಕಿದಳು. ಏನೂ ಇಲ್ಲ, ಒಂದಿಷ್ಟು ಧೂಳಿನ ಉಂಡೆ. ಹಾಲು ಕುಡಿದದ್ದನ್ನೇ ಹೇಳದವರು ಪಿಟೀಲಿನೊಳಗೆ ಏನು ಬರೆಯುತ್ತಾರೆ.

ಅಂಚು ತೊಳೆಯುವ ಕೆಲಸ ನಾನೇ ಮಾಡುತ್ತೇನೆ ಅಂದೆ. ಮೆಲ್ಲಣ್ಣ ಬಟ್ಟೆ ಕೊಟ್ಟ. ಬಟ್ಟೆ ಬಿಸಿನೀರಲ್ಲಿ ಹಿಂಡಿ ಒತ್ತಿ ಹಿಡಿಯಬೇಕು, ಅಂಟು ಲೋಳೆಯಾಗಿ ಬರುತ್ತೆ, ಒರೆಸಬೇಕು. ಒರೆಸುವುದು ನನಗೆ ಬರುತ್ತೆ. ಸುತ್ತಲೂ ಒರೆಸಿ ಮುಗಿಸೋ ಹೊತ್ತಿಗೆ ನೀರು ತಿಳಿ ಹಳದಿಯಾಗಿತ್ತು. ಬೆರಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ನೀರನ್ನು ನಾನೇ ಚೆಲ್ಲಿದೆ.

ಮೆಲ್ಲಣ್ಣ ಹೊಸ ಅಂಟಿನ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕಾಯಿಸಿದ. ಬ್ರಷ್ಷು ತೆಗೆದ. ಅದರ ಕೂದಲು ದಿಕ್ಕಿಗೊಂದು ನಿಂತಿತ್ತು. ಇಲ್ಲಿ ಕೊಡಪ್ಪ ಅಂದೆ.

ತುಟಿಯ ನಡುವೆ ಇಟ್ಟು ಎಳೆದೆ. ಒಂದು ಸಲಕ್ಕೆ ಆಗಲಿಲ್ಲ, ಇನ್ನೊಂದು ಸಲ ಎಳೆದೆ. ತುದಿ ಸೂಜಿಯ ಹಾಗೆ ಆಯಿತು. ರುಚಿ ಏನೂ ಇಲ್ಲ. ಸ್ವಲ್ಪ ಉಪ್ಪು ಇದ್ದ ಹಾಗೆ. ಇಷ್ಟಕ್ಕೆ ಅಷ್ಟು ಬೈಸಿಕೊಂಡರು.

ಮೆಲ್ಲಣ್ಣ ನನ್ನನ್ನೇ ನೋಡಿದ, ಆಮೇಲೆ ಬ್ರಷ್ಷು ತಗೊಂಡು ಅಂಟಿಗೆ ಅದ್ದಿದ. ಮೊಮ್ಮಗಳು ಮೂಗು ಒರೆಸಿಕೊಂಡು, "ಅಜ್ಜಿ, ನೀನು ಸ್ಯಾಂಪಲ್ ಹಾಳು ಮಾಡಿದೆ" ಅಂದಳು.

ಮುಂದೆ ಯಾರಾದರೂ ತೂಗಿದರೆ ತಲೆ ಕೆರೆದುಕೊಳ್ಳಲಿ ಅಂದೆ.

ಮೆಲ್ಲಣ್ಣ ಹಲಗೆ ಕೂರಿಸಿ ಸುತ್ತಲೂ ಕ್ಲಾಂಪು ಬಿಗಿದು ಇಟ್ಟಿದ್ದಾನೆ. ಸಂಜೆವರೆಗೂ ವಾಸನೆ ಮೇಲಕ್ಕೆ ಬರುತ್ತಿತ್ತು. ಒಣಗಿದ ಬಟ್ಟೆ ಎತ್ತಲಿಲ್ಲ, ಕಿಟಕಿ ಮುಚ್ಚೋದೂ ಮರೆತೇಹೋಯಿತು.

ಮಾರ್ಚ್ ೨೨, ಶನಿವಾರ

ತಂತಿ ಕಟ್ಟಿಯಾಯಿತು. ಫ್ರೀಜರಿನಲ್ಲಿ ಇರೋದನ್ನು ಏನು ಮಾಡಲಿ ಅಂತ ಮೊಮ್ಮಗಳು ಕೇಳಿದಳು. ನಿನ್ನ ಕೆಲಸಕ್ಕೆ ಬಂದರೆ ಇಟ್ಟುಕೋ, ಇಲ್ಲದಿದ್ದರೆ ಬಿಡು, ಮೊದಲು ಕೂತು ನುಡಿಸು ಅಂದೆ.

ನುಡಿಸಿದಳು. ಕೈ ಬಿಗಿದಿದೆ, ಕಮಾನು ಕಿರುಗುಟ್ಟುತ್ತೆ. ಜಾರಿಸುವಲ್ಲಿ ಸರಿಯಾಗಿ ತಪ್ಪಿದಳು. ತಪ್ಪಿ, ನಿಂತು, ಮೆಟ್ಟಿಲ ಕಡೆ ನೋಡಿದಳು. ನಾನೂ ನೋಡಿದೆ.

ಇನ್ನೊಂದು ಸಲ ನುಡಿಸು, ಜಾರೋವಾಗ ಆತುರ ಮಾಡಬೇಡ ಅಂತ ನಾನೇ ಕೂಗಿದೆ.

ಮಾರ್ಚ್ ೨೩, ಭಾನುವಾರ

ಬೆಳಿಗ್ಗೆ ಮಫ್ಲರು ಕೈಗೆ ತಗೊಂಡೆ. ಪಿಟೀಲಿನ ಮೇಲೆ ಅವಳ ಗಲ್ಲದ ಗುರುತು ಇತ್ತು, ಮಸುಕಾಗಿ, ಬೆವರಿನದು. ಒರೆಸಲಿಲ್ಲ. ಇರಲಿ.